ಗಣಕದ ನಾಡಿಪರೀಕ್ಷೆ

ಬರೆದಿಟ್ಟದ್ದು ಉಳಿಯುತ್ತದೆ ಎಂಬ ನಂಬಿಕೆ ಮನುಷ್ಯನಲ್ಲಿ ಬಹಳ ಹಳೆಯದು. ಕಲ್ಲಿನಲ್ಲಿ ಕೆತ್ತಿದ ಶಾಸನಗಳು ಸಾವಿರ ವರ್ಷ ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿವೆ. ತಾಳೆಯ ಗರಿಯ ಮೇಲೆ ಲೋಹದ ಮೊನೆಯಿಂದ ಕೊರೆದ ಅಕ್ಷರ, ಗೆದ್ದಲಿನ ಬಾಯಿಗೆ ಸಿಕ್ಕದಿದ್ದರೆ, ಕೆಲವು ಶತಮಾನ ಬಾಳುತ್ತದೆ. ಕಾಗದವೂ ಜೋಪಾನ ಮಾಡಬಲ್ಲವರ ಕೈಯಲ್ಲಿ ತಲೆಮಾರುಗಳನ್ನು ದಾಟುತ್ತದೆ. ಇವುಗಳ ಮುಂದೆ ಇಂದಿನ ಗಣಕಯಂತ್ರದ ಉಗ್ರಾಣ ತೀರ ಅಲ್ಪಾಯು. ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್ ಲಕ್ಷಾಂತರ ಪುಸ್ತಕಗಳ ಅಕ್ಷರರಾಶಿಯನ್ನು ತನ್ನೊಳಗೆ ಅಡಗಿಸಿಕೊಳ್ಳಬಲ್ಲದು, ನಿಜ. ಆದರೆ ಅದು ಐದಾರು ವರ್ಷ ನೆಮ್ಮದಿಯಾಗಿ ದುಡಿದರೆ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ತರವಲ್ಲ. ಅದು ಸಾಯುತ್ತದೆಯೆ ಎಂಬುದು ಪ್ರಶ್ನೆಯೇ ಅಲ್ಲ. ಸಾಯುವ ಮುನ್ನ ಅದು ಕೊಡುವ ಸೂಚನೆಗಳನ್ನು ನಾವು ಗುರುತಿಸಬಲ್ಲೆವೆ ಎಂಬುದೇ ಪ್ರಶ್ನೆ.

ಈ ಯಂತ್ರಭಾಗದ ಹುಟ್ಟು ೧೯೫೬ರಲ್ಲಿ. ಆ ವರ್ಷ ಅಮೆರಿಕದ ಐಬಿಎಂ ಸಂಸ್ಥೆಯವರು ರಾಮ್ಯಾಕ್ ಎಂಬ ಗಣಕದೊಡನೆ ಮೊದಲ ಡಿಸ್ಕ್ ಉಗ್ರಾಣವನ್ನು ಹೊರತಂದರು. ಇಪ್ಪತ್ತನಾಲ್ಕು ಅಂಗುಲ ವ್ಯಾಸದ ಐವತ್ತು ಲೋಹದ ತಟ್ಟೆಗಳು ಒಂದರ ಮೇಲೊಂದು ಸೇರಿ, ಬೀರುವಿನಂಥ ಪೆಟ್ಟಿಗೆಯೊಳಗೆ ಗಿರಗಿರನೆ ತಿರುಗುತ್ತಿದ್ದವು. ಅಷ್ಟು ದೊಡ್ಡ ಯಂತ್ರ ಹಿಡಿದಿಡುತ್ತಿದ್ದದ್ದು ಕೇವಲ ಐವತ್ತು ಲಕ್ಷ ಅಕ್ಷರಗಳನ್ನು! ೧೯೭೩ರಲ್ಲಿ ಅದೇ ಸಂಸ್ಥೆ ತಟ್ಟೆಗಳನ್ನೂ ಅವುಗಳನ್ನು ಓದುವ ಅಂಗಗಳನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಸಿತು. ಆ ಬಳಿಕ ಗಾತ್ರ ಕುಗ್ಗುತ್ತ ಬಂತು. ೧೯೮೮ರ ವೇಳೆಗೆ ಎರಡೂವರೆ ಅಂಗುಲದ ಡಿಸ್ಕ್ ಸಿದ್ಧವಾಯಿತು. ಲ್ಯಾಪ್‌ಟಾಪ್ ಎಂದು ನಾವು ಕರೆಯುವ ಮಡಿಲ ಗಣಕದೊಳಗೆ ಸೇರಿದ್ದು ಈ ಗಾತ್ರದ ಡಿಸ್ಕೇ.

ಅದರ ಒಡಲಲ್ಲಿ ಏನಿದೆ ಎಂಬುದನ್ನು ತಿಳಿಯದೆ ಅದರ ಬೇನೆಯನ್ನು ತಿಳಿಯಲಾಗದು. ಗಾಜಿನಿಂದಲೋ ಅಲ್ಯುಮಿನಿಯಮ್‌ನಿಂದಲೋ ಮಾಡಿದ ಒಂದೆರಡು ನುಣುಪಾದ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಕೋಬಾಲ್ಟ್ ಮಿಶ್ರಲೋಹದ ಅತಿ ತೆಳುವಾದ ಲೇಪ. ಆ ಲೇಪದ ಕಣಗಳನ್ನು ಈ ದಿಕ್ಕಿಗೋ ಆ ದಿಕ್ಕಿಗೋ ಕಾಂತೀಕರಿಸುವುದೇ ಬರವಣಿಗೆ. ಆ ದಿಕ್ಕುಗಳನ್ನು ಗ್ರಹಿಸುವುದೇ ಓದು. ತಟ್ಟೆ ನಿಮಿಷಕ್ಕೆ ೫,೪೦೦ ಸುತ್ತು, ಎಂದರೆ ಸೆಕೆಂಡಿಗೆ ತೊಂಬತ್ತು ಸುತ್ತು ತಿರುಗುತ್ತದೆ. ಆಗ ತಟ್ಟೆಯ ಅಂಚು ಗಂಟೆಗೆ ಸುಮಾರು ೬೫ ಕಿಲೋಮೀಟರು ವೇಗದಲ್ಲಿ, ಹೆದ್ದಾರಿಯ ಬಸ್ಸಿನಂತೆ ಧಾವಿಸುತ್ತಿರುತ್ತದೆ. ಓದುವ ಬರೆಯುವ ಸೂಕ್ಷ್ಮ ಅಂಗಕ್ಕೆ ತಲೆ ಎಂದು ಹೆಸರು. ಒಂದು ಸಣ್ಣ ತೋಳಿನ ತುದಿಯಲ್ಲಿ ಕುಳಿತ ಈ ತಲೆ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯ ವೇಗದಿಂದ ಎದ್ದ ಗಾಳಿಯ ಹಾಸಿನ ಮೇಲೆ ತೇಲುತ್ತದೆ. ತಟ್ಟೆಗೂ ತಲೆಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ದೊರೆಯುವ ಒಂದು ಪಾಲೇ ನ್ಯಾನೊಮೀಟರು. ತಲೆಗೂದಲೊಂದು ಹತ್ತಾರು ಸಾವಿರ ನ್ಯಾನೊಮೀಟರು ದಪ್ಪವಿರುತ್ತದೆ ಎಂದ ಮೇಲೆ, ಬೀದಿಯ ಧೂಳಿನ ಕಣವೊಂದು ಆ ಸಂದಿನಲ್ಲಿ ಬೆಟ್ಟದ ಬಂಡೆಯೇ ಸರಿ. ಇಂಥದ್ದೊಂದು ಯಂತ್ರ ಒಂದು ದಿನವಾದರೂ ನಡೆಯುತ್ತದೆಂಬುದೇ ಸೋಜಿಗ; ಅದು ಕೆಡುತ್ತದೆ ಎಂಬುದರಲ್ಲಿ ಸೋಜಿಗವೇನೂ ಇಲ್ಲ.

ತಟ್ಟೆಯ ಮೇಲ್ಮೈಯನ್ನು ಸೆಕ್ಟರ್ ಎಂಬ ಪುಟ್ಟ ಪುಟ್ಟ ಮಡಿಗಳಾಗಿ ವಿಂಗಡಿಸಿರುತ್ತಾರೆ. ಹಿಂದಿನ ಡಿಸ್ಕ್‌ಗಳಲ್ಲಿ ಒಂದೊಂದು ಮಡಿಯೂ ೫೧೨ ಬೈಟುಗಳನ್ನು ಹಿಡಿಯುತ್ತಿತ್ತು. ಈಚಿನವುಗಳಲ್ಲಿ ೪,೦೯೬ ಬೈಟುಗಳನ್ನು ಹಿಡಿಯುತ್ತದೆ. ಪ್ರತಿಯೊಂದು ಮಡಿಯಲ್ಲಿಯೂ ಮಾಹಿತಿಯ ಜೊತೆಗೆ ತಪ್ಪನ್ನು ತಿದ್ದಿಕೊಳ್ಳಲು ನೆರವಾಗುವ ಕೆಲವು ಹೆಚ್ಚಿನ ಅಂಕಿಗಳೂ ಇರುತ್ತವೆ. ಓದಿದ್ದು ಅಸ್ಪಷ್ಟವಾಗಿದ್ದರೆ ಡಿಸ್ಕ್ ತಾನೇ ಮತ್ತೆ ಓದಲು ಯತ್ನಿಸುತ್ತದೆ. ಅದಕ್ಕಾಗಿ ತಟ್ಟೆ ಇನ್ನೊಂದು ಸುತ್ತು ಬರುವ ತನಕ ಕಾಯುತ್ತದೆ. ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು ಹನ್ನೊಂದು ಮಿಲಿಸೆಕೆಂಡು. ನೂರು ಸಲ ಯತ್ನಿಸಿದರೆ ಒಂದು ಸೆಕೆಂಡಿಗೂ ಮೀರಿ ಕಾಲ ಸರಿದುಹೋಗುತ್ತದೆ. ಹಾಗೆ ನೂರಾರು ಮಡಿಗಳು ಕೆಟ್ಟಿದ್ದರೆ ಗಣಕದ ಮುಂದೆ ಕುಳಿತವನು ಪರದೆಯನ್ನು ದಿಟ್ಟಿಸುತ್ತ ನಿಮಿಷಗಟ್ಟಲೆ ಕಾಯಬೇಕಾಗುತ್ತದೆ. ಡಿಸ್ಕಿನ ಕಾಯಿಲೆಗೆ ಮೊದಲ ಲಕ್ಷಣ ನಿಧಾನವೇ ಏಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯಂತ್ರ ಸೋಮಾರಿಯಾಗಿಲ್ಲ, ಅಳಿಸಿಹೋಗುತ್ತಿರುವ ಅಕ್ಷರವನ್ನು ಕಣ್ಣು ಕಿರಿದು ಮಾಡಿ ಮತ್ತೆ ಮತ್ತೆ ಓದುವ ವೃದ್ಧನಂತೆ ಅದು ಹೆಣಗುತ್ತಿದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಂಡರೆ ಮುಂದಿನ ಮಾತು ಸುಲಭವಾದೀತು. ಜಾನಪದದಲ್ಲಿ ಸಂಶೋಧನೆ ನಡೆಸುತ್ತಿರುವ ಒಬ್ಬ ವಿದ್ಯಾರ್ಥಿನಿ ನಾಲ್ಕು ವರ್ಷ ಹಳ್ಳಿಹಳ್ಳಿಗಳನ್ನು ಸುತ್ತಿ, ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳನ್ನು ಮುದುಕಿಯರ ಬಾಯಿಂದಲೇ ಧ್ವನಿಮುದ್ರಿಸಿಕೊಂಡಿದ್ದಾಳೆ. ಹಾಡಿದವರಲ್ಲಿ ಮೂವರು ಈಗ ಇಲ್ಲ. ಹಾಡುಗಳೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿವೆ. ಕೆಲವು ವಾರಗಳಿಂದ ಆ ಯಂತ್ರ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿದೆ. ಒಂದು ಹಾಡನ್ನು ಕೇಳಲು ಹೋದಾಗ ಪರದೆ ಹಾಗೆಯೇ ಮರಗಟ್ಟಿ ನಿಲ್ಲುತ್ತದೆ. ಅವಳು ಅದನ್ನು ಅನುಭವಸ್ಥನಾದ ಒಬ್ಬ ದುರಸ್ತಿಗಾರನ ಬಳಿಗೆ ಒಯ್ಯುತ್ತಾಳೆ.

ಒಳ್ಳೆಯ ವೈದ್ಯನು ಔಷಧದ ಪೆಟ್ಟಿಗೆಯನ್ನು ತೆರೆಯುವ ಮೊದಲು ರೋಗಿಯ ಮಾತನ್ನು ಕೇಳುತ್ತಾನೆ. ಒಳ್ಳೆಯ ದುರಸ್ತಿಗಾರನ ಕ್ರಮವೂ ಅದೇ.

“ಯಂತ್ರ ಎಂದಾದರೂ ಕೆಳಗೆ ಬಿದ್ದದ್ದುಂಟೆ, ಅಮ್ಮಾ?”

“ಬಿದ್ದಿಲ್ಲ ಸಾರ್. ಆದರೆ ಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿಯೇ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದೆ.”

“ಎಲ್ಲ ಕೆಲಸದಲ್ಲಿಯೂ ನಿಧಾನವೋ, ಕೆಲವು ಹಾಡುಗಳನ್ನು ತೆರೆದಾಗ ಮಾತ್ರವೋ?”

“ಕೆಲವು ಹಾಡುಗಳಲ್ಲಿ, ಅದೂ ಪ್ರತಿಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆ.”

“ಇವುಗಳ ಇನ್ನೊಂದು ಪ್ರತಿ ಎಲ್ಲಿದೆ?”

ಈ ಕಡೆಯ ಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲ.

ಈ ಮೂರು ಪ್ರಶ್ನೆಗಳಲ್ಲಿ ರೋಗನಿದಾನದ ಅರ್ಧಭಾಗ ಮುಗಿಯಿತೆನ್ನಬೇಕು. ನಿಧಾನವೊಂದನ್ನೇ ಹಿಡಿದು ಡಿಸ್ಕಿನ ಮೇಲೆ ತಪ್ಪು ಹೊರಿಸುವುದು ಅವಸರದ ತೀರ್ಮಾನ. ಗಾಳಿ ಬೀಸುವ ಫ್ಯಾನಿನಲ್ಲಿ ಧೂಳು ತುಂಬಿ ಯಂತ್ರ ಕಾದರೂ ಅದು ನಿಧಾನವಾಗುತ್ತದೆ. ತಾತ್ಕಾಲಿಕ ಸ್ಮೃತಿ ಸಾಲದಿದ್ದರೂ ನಿಧಾನ; ವೈರಸ್ಸು ಹೊಕ್ಕಿದ್ದರೂ ನಿಧಾನ. ಆದರೆ ಇವು ಎಲ್ಲ ಕೆಲಸವನ್ನೂ ಒಂದೇ ಸಮನಾಗಿ ಕಾಡುತ್ತವೆ. ತಾತ್ಕಾಲಿಕ ಸ್ಮೃತಿಯ ಚಿಪ್ಪೇ ಕೆಟ್ಟಿದ್ದರೆ ತಪ್ಪು ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ ತಲೆದೋರುತ್ತದೆ. ಒಂದೇ ಕಡತ, ಒಂದೇ ಜಾಗ, ಪ್ರತಿಸಲವೂ ಅದೇ ತಡೆ ಎಂದಾಗ ಸಂಶಯ ತಟ್ಟೆಯ ಕಡೆಗೆ ತಿರುಗುವುದು ನ್ಯಾಯ. ಇದನ್ನು ಇನ್ನಷ್ಟು ದೃಢಪಡಿಸಿಕೊಳ್ಳಲು ಒಂದು ಉಪಾಯ ಉಂಟು. ಪೆನ್ ಡ್ರೈವ್ ಒಂದರಲ್ಲಿ ಲಿನಕ್ಸ್ ಮುಂತಾದ ಬೇರೊಂದು ಕಾರ್ಯವ್ಯವಸ್ಥೆಯನ್ನು ತುಂಬಿ, ಅದರಿಂದಲೇ ಯಂತ್ರವನ್ನು ನಡೆಸಿ ನೋಡಬೇಕು. ಹಾಗೆ ನಡೆಸಿದಾಗ ಯಂತ್ರ ಚುರುಕಾಗಿದ್ದು, ಒಳಗಿನ ಡಿಸ್ಕನ್ನು ಮುಟ್ಟಿದೊಡನೆ ತಡವರಿಸಿದರೆ, ಮಿಕ್ಕ ಅಂಗಗಳು ಬಹುಮಟ್ಟಿಗೆ ನಿರಪರಾಧಿಗಳೆಂದು ತಿಳಿಯಬಹುದು.

ಕಿವಿಗೂ ಇಲ್ಲಿ ಕೆಲಸವಿದೆ. ಆರೋಗ್ಯವಂತ ಡಿಸ್ಕಿನಿಂದ ಬರುವುದು ದುಂಬಿಯ ಮೊರೆತದಂಥ ಸಣ್ಣ ಸದ್ದು. ಅದರ ಬದಲು ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿತ ಕೇಳಿಸಿದರೆ ಗಂಡಾಂತರ ಹತ್ತಿರವಿದೆ. ತಲೆ ತಾನಿರುವ ಜಾಗವನ್ನು ತಿಳಿಯಲು ತಟ್ಟೆಯ ಮೇಲೆ ಕೆಲವು ಗುರುತುಗಳಿರುತ್ತವೆ. ಆ ಗುರುತುಗಳು ಕಾಣದೆ ತೋಳು ಹುಡುಕುತ್ತ ಹೋಗಿ, ಸೋತು, ಮತ್ತೆ ತನ್ನ ತಂಗುದಾಣಕ್ಕೆ ಮರಳುವಾಗ ಆ ಸದ್ದು ಹುಟ್ಟುತ್ತದೆ. ಕೀರಲು ಸದ್ದು ಕೇಳಿಸಿದರಂತೂ ತಲೆ ತಟ್ಟೆಯನ್ನೇ ಕೆರೆಯುತ್ತಿರಬಹುದು. ಆಗ ಪರೀಕ್ಷೆ, ಪ್ರಯೋಗ ಒಂದೂ ಸಲ್ಲದು. ಕೂಡಲೇ ವಿದ್ಯುತ್ತನ್ನು ಕಡಿಯಬೇಕು. ಸುತ್ತು ಹೆಚ್ಚಿದಷ್ಟೂ ಲೇಪ ಕಿತ್ತುಬರುತ್ತದೆ, ಕಿತ್ತು ಬಂದ ಪುಡಿ ಮತ್ತಷ್ಟು ಲೇಪವನ್ನು ಕೀಳುತ್ತದೆ.

ನಮ್ಮ ವಿದ್ಯಾರ್ಥಿನಿಯ ಡಿಸ್ಕಿನಲ್ಲಿ ಸದ್ಯಕ್ಕೆ ಅಂಥ ಸದ್ದಿಲ್ಲ. ಆದುದರಿಂದ ದುರಸ್ತಿಗಾರನು ಅದರ ದಿನಚರಿಯನ್ನು ತೆರೆಯುತ್ತಾನೆ. ಡಿಸ್ಕಿಗೂ ದಿನಚರಿಯೇ ಎಂದು ಯಾರಾದರೂ ಹುಬ್ಬೇರಿಸಬಹುದು. ಉಂಟು. ೧೯೯೦ರ ದಶಕದಲ್ಲಿ ತಯಾರಕರು ಕೂಡಿ ರೂಪಿಸಿದ ಸ್ಮಾರ್ಟ್ ಎಂಬ ವ್ಯವಸ್ಥೆಯಂತೆ ಪ್ರತಿಯೊಂದು ಡಿಸ್ಕೂ ತಾನು ದುಡಿದ ಗಂಟೆಗಳು, ಮೈಯ ಉಷ್ಣತೆ, ಕಂಡ ತಪ್ಪುಗಳು ಇವನ್ನೆಲ್ಲ ತನ್ನೊಳಗೇ ಗುರುತು ಹಾಕಿಕೊಳ್ಳುತ್ತದೆ. ಸ್ಮಾರ್ಟ್‌ಮಾನ್‌ಟೂಲ್ಸ್, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಮುಂತಾದ ಉಚಿತ ತಂತ್ರಾಂಶಗಳು ಆ ದಿನಚರಿಯನ್ನು ಓದಿ ಹೇಳುತ್ತವೆ. ಸಾಲುಸಾಲಾಗಿ ಅಂಕಿಗಳು ಮೂಡಿದಾಗ ಹೊಸಬನು ಕಂಗೆಡುವುದು ಸಹಜ. ಬಲ್ಲವನು ಮೂರು ನಾಲ್ಕು ಸಾಲುಗಳನ್ನು ಮಾತ್ರ ನೋಡುತ್ತಾನೆ.

ಐದನೆಯ ಸಂಖ್ಯೆಯ ಸಾಲು, ಕೆಟ್ಟವೆಂದು ಕೈಬಿಟ್ಟ ಮಡಿಗಳ ಲೆಕ್ಕ. ಪ್ರತಿ ಡಿಸ್ಕಿನಲ್ಲಿಯೂ ಇಂಥ ಹೊತ್ತಿಗೆಂದು ಕಾದಿರಿಸಿದ ಮಡಿಗಳಿದ್ದು, ಕೆಟ್ಟ ಮಡಿಯ ಕೆಲಸವನ್ನು ಅವುಗಳಿಗೆ ಒಪ್ಪಿಸಲಾಗುತ್ತದೆ. ೧೯೭ನೆಯ ಸಾಲು ಹೆಚ್ಚು ಮುಖ್ಯ. ಓದಲು ಯತ್ನಿಸಿ ಸೋತು, ಇನ್ನೂ ತೀರ್ಮಾನವಾಗದೆ ಉಳಿದಿರುವ ಮಡಿಗಳು ಅಲ್ಲಿ ಎಣಿಕೆಗೆ ಸಿಗುತ್ತವೆ. ಅವುಗಳಲ್ಲಿದ್ದ ಮಾಹಿತಿ ಸದ್ಯಕ್ಕೆ ಕೈಗೆ ಸಿಕ್ಕುತ್ತಿಲ್ಲ ಎಂದೇ ಅರ್ಥ. ೧೯೮ನೆಯದು ಇದರ ನೆರೆಯ ಸಾಲು. ೧೯೯ನೆಯ ಸಾಲಿನ ಸ್ವಭಾವವೇ ಬೇರೆ: ಅದು ಡಿಸ್ಕಿಗೂ ಯಂತ್ರದ ಮುಖ್ಯ ಫಲಕಕ್ಕೂ ನಡುವಣ ಹಾದಿಯಲ್ಲಿ ಆದ ತಪ್ಪುಗಳ ಲೆಕ್ಕ. ಈ ಒಂದು ಸಾಲು ಮಾತ್ರ ಏರುತ್ತಿದ್ದರೆ ಸಡಿಲವಾದ ಜೋಡಣೆಯನ್ನೋ ಹಳೆಯ ಕೇಬಲ್ಲನ್ನೋ ಸರಿಪಡಿಸಿದರೆ ಸಾಕಾಗಬಹುದು. ಇದನ್ನು ನೋಡದೆ ಒಳ್ಳೆಯ ಡಿಸ್ಕನ್ನು ಕಸಕ್ಕೆ ಎಸೆದವರೂ ಇಲ್ಲದಿಲ್ಲ.

ಇಲ್ಲಿ ೧೯೯ನೆಯ ಸಾಲು ಸೊನ್ನೆ, ಐದನೆಯದು ನಲವತ್ತು, ೧೯೭ನೆಯದು ಹದಿನಾರು. ಅರ್ಧ ಗಂಟೆ ಬಿಟ್ಟು ನೋಡಿದರೆ ಹದಿನಾರು ಇಪ್ಪತ್ತನಾಲ್ಕಾಗಿದೆ. ನಿಂತ ಅಂಕಿಗಿಂತ ನಡೆಯುವ ಅಂಕಿ ಭಯಂಕರ. ವಿಚಿತ್ರವೆಂದರೆ ಅದೇ ಪರದೆಯ ಮೇಲ್ಭಾಗದಲ್ಲಿ ‘ಡಿಸ್ಕ್ ಉತ್ತೀರ್ಣ’ ಎಂಬ ಒಕ್ಕಣೆಯೂ ಇದೆ! ತಯಾರಕನು ಗೊತ್ತುಮಾಡಿದ ಎಲ್ಲೆಯನ್ನು ಅಂಕಿ ಮುಟ್ಟುವ ತನಕ ಈ ಪ್ರಶಸ್ತಿಪತ್ರ ಬದಲಾಗುವುದಿಲ್ಲ. ಅದನ್ನು ನಂಬಿ ಕೂಡುವುದು ವಿವೇಕವಲ್ಲ.

ಹಾಗಾದರೆ ಅಂಕಿಗಳೆಲ್ಲ ಸೊನ್ನೆಯಾಗಿದ್ದರೆ ನಿಶ್ಚಿಂತೆಯೆ? ಇದಕ್ಕೆ ಉತ್ತರ ೨೦೦೭ರಲ್ಲಿ ದೊರೆಯಿತು. ಗೂಗಲ್ ಸಂಸ್ಥೆಯ ಸಂಶೋಧಕರಾದ ಪಿನ್ಹೇರೊ, ವೇಬರ್, ಬರೋಸೊ ಎಂಬವರು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕ್‌ಗಳ ಜೀವನಚರಿತ್ರೆಯನ್ನು ಪರಿಶೀಲಿಸಿ ಪ್ರಕಟಿಸಿದರು. ಮೇಲ್ಮೈಯನ್ನು ಶೋಧಿಸುವಾಗ ಮೊದಲ ತಪ್ಪನ್ನು ತೋರಿದ ಡಿಸ್ಕ್, ಅಂಥ ತಪ್ಪಿಲ್ಲದ ಡಿಸ್ಕಿಗಿಂತ, ಮುಂದಿನ ಅರುವತ್ತು ದಿನಗಳಲ್ಲಿ ಕೆಡುವ ಸಂಭವ ಮೂವತ್ತೊಂಬತ್ತು ಪಟ್ಟು ಹೆಚ್ಚು ಎಂಬುದು ಅವರು ಕಂಡ ಒಂದು ಸಂಗತಿ. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇಕಡ ೫೬ಕ್ಕಿಂತ ಹೆಚ್ಚಿನವು, ಪ್ರಬಲವೆಂದು ಎಣಿಸಲಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಕೆಟ್ಟಿದ್ದವು. ಎಂದರೆ ಸೂಚನೆ ಕಂಡರೆ ಅದನ್ನು ನಂಬಬೇಕು. ಕಾಣದಿದ್ದರೆ ಆ ಮೌನವನ್ನು ನಂಬಬಾರದು. ಉಷ್ಣತೆಗೂ ಡಿಸ್ಕಿನ ಸಾವಿಗೂ ಜನ ತಿಳಿದಷ್ಟು ಗಾಢವಾದ ಸಂಬಂಧವಿಲ್ಲ ಎಂಬುದೂ ಆ ಅಧ್ಯಯನದಿಂದ ತಿಳಿದುಬಂತು.

ರೋಗ ಗೊತ್ತಾಯಿತು. ಇನ್ನು ಮಾಡಬೇಕಾದದ್ದೇನು? ಹಲವರು ಎಡವುವುದು ಈ ಹಂತದಲ್ಲಿಯೇ. ಕೆಟ್ಟ ಮಡಿಗಳನ್ನು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಎಂಬ ಸಾಧನವನ್ನು ಅವರು ಮೊದಲು ಓಡಿಸುತ್ತಾರೆ. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಅದು ಉಪಯುಕ್ತವಾದ ಸಾಧನ. ಸಾಯುತ್ತಿರುವ ಡಿಸ್ಕನ್ನು ಆಮೂಲಾಗ್ರವಾಗಿ ಓದಿಸಿ, ಅದರ ಮೇಲೆ ಬರೆಯಿಸುವುದು, ಉಸಿರು ಕಟ್ಟಿದವನನ್ನು ಬೆಟ್ಟ ಹತ್ತಿಸಿದಂತೆ. ಗಂಟೆಗಟ್ಟಲೆ ಹಿಡಿಯುವ ದೀರ್ಘ ಸ್ವಪರೀಕ್ಷೆಯೂ ಈ ಹೊತ್ತಿನಲ್ಲಿ ಬೇಡ. ಉಳಿದಿರುವ ಕೆಲವು ಗಂಟೆಗಳ ಆಯುಸ್ಸನ್ನು ಪ್ರತಿ ತೆಗೆಯುವುದಕ್ಕೇ ಮೀಸಲಿಡಬೇಕು.

ಪ್ರತಿ ತೆಗೆಯುವುದರಲ್ಲಿಯೂ ಕ್ರಮವಿದೆ. ಸಾಮಾನ್ಯ ರೀತಿಯಲ್ಲಿ ಕಡತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಎಳೆದುಹಾಕಲು ಹೋದರೆ, ಮೊದಲ ಕೆಟ್ಟ ಮಡಿ ಎದುರಾದಾಗಲೇ ಕೆಲಸ ನಿಂತುಹೋಗುತ್ತದೆ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಜಾಣತನದಿಂದ ನಡೆದುಕೊಳ್ಳುತ್ತದೆ. ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ಅದು ಮೊದಲು ಹೊಸ ಡಿಸ್ಕಿಗೆ ಸಾಗಿಸುತ್ತದೆ. ತಡೆಯೊಡ್ಡಿದ ಜಾಗಗಳನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹಾರಿ, ಕೊನೆಯಲ್ಲಿ ಅವುಗಳ ಬಳಿಗೆ ಮರಳಿ ಬಂದು ಸಾಧ್ಯವಾದಷ್ಟನ್ನು ಹೆಕ್ಕುತ್ತದೆ. ನಡುವೆ ವಿದ್ಯುತ್ತು ಹೋದರೂ ತನ್ನ ಟಿಪ್ಪಣಿಯನ್ನು ನೋಡಿ ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ನೆರೆ ಏರುತ್ತಿರುವ ಮನೆಯಿಂದ ಸಾಮಾನು ಸಾಗಿಸುವವರು ಬಾಗಿಲ ಬಳಿಯದನ್ನು ಮೊದಲು ತಂದು, ಸಿಕ್ಕಿಕೊಂಡ ಬೀರುವನ್ನು ಕಡೆಗೆ ಬಿಡುವುದಿಲ್ಲವೆ, ಹಾಗೆ.

ರಾತ್ರಿಯೆಲ್ಲ ಈ ಕೆಲಸ ನಡೆದು, ಬೆಳಿಗ್ಗೆ ಹತ್ತು ಹನ್ನೆರಡು ಮಡಿಗಳ ಹೊರತು ಮಿಕ್ಕದ್ದೆಲ್ಲ ಹೊಸ ಡಿಸ್ಕಿಗೆ ಬಂದಿದೆ ಎಂದುಕೊಳ್ಳೋಣ. ಕಳೆದುಹೋದದ್ದು ಎಷ್ಟು? ಸಂಪೀಡಿಸದೆ ಮುದ್ರಿಸಿದ ಉತ್ತಮ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ ೧,೭೬,೪೦೦ ಬೈಟುಗಳು ಬೇಕು. ೪,೦೯೬ ಬೈಟುಗಳ ಒಂದು ಮಡಿ ಹೋದರೆ ಕಳೆಯುವುದು ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲು. ಹಾಡಿನ ನಡುವೆ ಒಂದು ಸಣ್ಣ ಚಿಟಿಕೆಯ ಸದ್ದು. ಮುದುಕಿ ಉಸಿರೆಳೆದುಕೊಂಡಷ್ಟೂ ಅಲ್ಲ. ಆದರೆ ಅದೇ ಮಡಿ ಕಡತಗಳ ಪಟ್ಟಿಯಿರುವ ಜಾಗದಲ್ಲಿ ಬಿದ್ದಿದ್ದರೆ, ಹಾಡುಗಳೆಲ್ಲ ತಟ್ಟೆಯ ಮೇಲೆ ಅಕ್ಷತವಾಗಿದ್ದೂ ಎಲ್ಲಿವೆಯೆಂದು ತಿಳಿಯದೆ ಹೋಗಬಹುದಾಗಿತ್ತು. ನಷ್ಟದ ಪ್ರಮಾಣವನ್ನು ನಿರ್ಧರಿಸುವುದು ಕೆಟ್ಟ ಮಡಿಗಳ ಸಂಖ್ಯೆಯಷ್ಟೇ ಅಲ್ಲ, ಅವು ಇರುವ ಸ್ಥಾನ ಕೂಡ.

ಪ್ರತಿ ಮಾಡಿಸುವುದರ ಬೆಲೆಯನ್ನು ಕನ್ನಡನಾಡು ಬಹಳ ಹಿಂದೆಯೇ ಅರಿತಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಆ ಕಾವ್ಯ ಇಂದಿಗೂ ಓದಲು ಸಿಗುತ್ತದೆ. ಅದೇ ಕವಿಯ ಭುವನೈಕರಾಮಾಭ್ಯುದಯ ನಮಗೆ ದೊರೆತಿಲ್ಲ. ಓಲೆಯ ಗರಿಗೆ ಅನ್ವಯಿಸಿದ ನ್ಯಾಯವೇ ಕೋಬಾಲ್ಟಿನ ಲೇಪಕ್ಕೂ ಅನ್ವಯಿಸುತ್ತದೆ. ಹಾಡುಗಳ ಒಂದು ಪ್ರತಿ ಯಂತ್ರದಲ್ಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ, ಮತ್ತೊಂದು ಮನೆಯಿಂದ ದೂರದ ಯಾವುದಾದರೂ ಸ್ಥಳದಲ್ಲಿ ಇದ್ದಿದ್ದರೆ ನಮ್ಮ ವಿದ್ಯಾರ್ಥಿನಿ ಆ ರಾತ್ರಿ ನಿದ್ದೆ ಮಾಡಬಹುದಾಗಿತ್ತು.

ಯಾವ ರೋಗಕ್ಕೂ ನಾಟಿ ಮದ್ದು ಹೇಳುವವರು ಇದ್ದೇ ಇರುತ್ತಾರೆ. ಕೆಟ್ಟ ಡಿಸ್ಕನ್ನು ಒಂದು ರಾತ್ರಿ ಶೈತ್ಯಪೆಟ್ಟಿಗೆಯಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಬಹಳ ಕಾಲದಿಂದ ಹರಿದಾಡುತ್ತಿದೆ. ಹೊರಗೆ ತೆಗೆದೊಡನೆ ತಟ್ಟೆಯ ಮೇಲೆ ತೇವ ಕೂತರೆ ತಲೆಯ ಗತಿಯೇನೆಂಬುದನ್ನು ಅವರು ಹೇಳುವುದಿಲ್ಲ. ಮುಚ್ಚಳವನ್ನು ಬಿಚ್ಚಿ ನೋಡುವ ಕುತೂಹಲ ಇದಕ್ಕಿಂತ ಅಪಾಯಕರ. ಬಿಚ್ಚಲೇಬೇಕಾದ ಸಂದರ್ಭದಲ್ಲಿ ನಿಪುಣರು, ಧೂಳನ್ನು ಸೋಸಿ ತೆಗೆದ ವಿಶೇಷ ಕೊಠಡಿಯಲ್ಲಿ, ಮೈಪೂರ ಮುಚ್ಚುವ ಉಡುಪು ತೊಟ್ಟು ಬಿಚ್ಚುತ್ತಾರೆ. ಅದಕ್ಕೆ ತಗಲುವ ವೆಚ್ಚ ಹೊಸ ಲ್ಯಾಪ್‌ಟಾಪಿನ ಬೆಲೆಯನ್ನು ಮೀರುವುದೂ ಉಂಟು.

ಪೆಟ್ಟಿನಿಂದ ಡಿಸ್ಕನ್ನು ಕಾಪಾಡುವ ಯತ್ನಗಳೂ ನಡೆದಿವೆ. ೨೦೦೩ರಲ್ಲಿ ಐಬಿಎಂ ಸಂಸ್ಥೆ ತನ್ನ ಥಿಂಕ್‌ಪ್ಯಾಡ್ ಗಣಕಗಳಲ್ಲಿ ಚಲನೆಯನ್ನು ಅರಿಯುವ ಒಂದು ಸಂವೇದಕವನ್ನು ಅಳವಡಿಸಿತು. ಮೇಜಿನಿಂದ ಯಂತ್ರ ನೆಲಕ್ಕೆ ಬೀಳಲು ಹಿಡಿಯುವ ಕಾಲ ಸೆಕೆಂಡಿನ ಐದರಲ್ಲಿ ಎರಡು ಪಾಲು. ಅಷ್ಟರೊಳಗೆ ಬೀಳುತ್ತಿರುವುದನ್ನು ಅರಿತು, ತಲೆಯನ್ನು ತಂಗುದಾಣಕ್ಕೆ ಸರಿಸುವಷ್ಟು ಚುರುಕು ಆ ಏರ್ಪಾಡಿಗಿತ್ತು.

ಈಚೆಗೆ ಬರುವ ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯೇ ಬಹುಮಟ್ಟಿಗೆ ಮರೆಯಾಗಿದೆ. ಅದರ ಜಾಗಕ್ಕೆ ಎಸ್‌ಎಸ್‌ಡಿ ಎಂಬ ಚಿಪ್ಪುಗಳ ಉಗ್ರಾಣ ಬಂದಿದೆ. ತಟ್ಟೆ, ತೋಳು, ತಲೆ ಒಂದೂ ಇಲ್ಲದ್ದರಿಂದ ಬಸ್ಸಿನ ಕುಲುಕಾಟಕ್ಕೆ ಅದು ಹೆದರುವುದಿಲ್ಲ. ಆದರೆ ಅದರ ಕಣಗಳು ಇಷ್ಟು ಸಲ ಅಳಿಸಿ ಬರೆಯಲಿಕ್ಕೆ ಮಾತ್ರ ಎಂದು ಎಣಿಕೆಯ ಆಯುಸ್ಸನ್ನು ಪಡೆದು ಬಂದಿವೆ. ಇದರ ನಾಡಿ ನೋಡಲು ಕಿವಿ ನೆರವಾಗದು. ಬಳಕೆಯಾದ ಆಯುಸ್ಸು ಶೇಕಡ ಎಷ್ಟು, ಕಾದಿರಿಸಿದ ಜಾಗ ಎಷ್ಟು ಉಳಿದಿದೆ ಎಂದು ದಿನಚರಿಯಲ್ಲಿಯೇ ಓದಬೇಕು. ಸವೆದು ಮುಗಿದಾಗ ಕೆಲವು ಎಸ್‌ಎಸ್‌ಡಿಗಳು ಬರೆಯಿಸಿಕೊಳ್ಳಲು ಒಲ್ಲೆನೆಂದು, ಓದಲು ಮಾತ್ರ ಅವಕಾಶ ಕೊಟ್ಟು ನಿಲ್ಲುತ್ತವೆ. ಅವುಗಳ ನಿಯಂತ್ರಕ ಚಿಪ್ಪೇ ಕೆಟ್ಟರೆ ಹಿಂದಿನ ದಿನ ಸಂಜೆಯವರೆಗೆ ಚೆನ್ನಾಗಿದ್ದ ಡ್ರೈವ್ ಮರುದಿನ ಯಂತ್ರಕ್ಕೆ ಕಾಣಿಸುವುದೇ ಇಲ್ಲ. ಟಕ್ ಎಂಬ ಒಂದು ಸದ್ದಿನ ಎಚ್ಚರಿಕೆಯೂ ಅಲ್ಲಿ ದೊರೆಯುವುದಿಲ್ಲ.